ಖಳನಿಗೆ ನಿಜ ಹೆಸರು: ‘ದಿ ಒಡೆಸ್ಸಾ ಫೈಲ್’ ಮತ್ತು ಗೂಢಚಾರಿ ಕಾದಂಬರಿಯಲ್ಲಿ ಸೇಡಿನ ಚರಿತ್ರೆ

1977ರ ಆಗಸ್ಟ್ 8ರಂದು ಪರಾಗ್ವೇಯ ರಾಜಧಾನಿ ಅಸುನ್ಸಿಯೋನ್‌ನ ಆಸ್ಪತ್ರೆಯೊಂದರಲ್ಲಿ 68 ವರ್ಷದ ವ್ಯಕ್ತಿಯೊಬ್ಬ ಹೃದಯಾಘಾತದಿಂದ ತೀರಿಕೊಂಡ. ಅವನ ಕಾಗದಪತ್ರಗಳಲ್ಲಿದ್ದ ಹೆಸರು ಫೆಡೆರಿಕೋ ವೆಗೆನರ್. ಶವ ಕೇಳಿಕೊಂಡು ಯಾರೂ ಬರಲಿಲ್ಲ. ಕೆಲವೇ ದಿನಗಳಲ್ಲಿ ಆ ಹೆಸರಿನ ಹಿಂದಿದ್ದ ಮನುಷ್ಯ ಬಯಲಾದ. ಅವನು ಎಡುವಾರ್ಡ್ ರೋಷ್‌ಮನ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಟ್ವಿಯಾದ ರೀಗಾ ನಗರದ ಯಹೂದಿ ಘೆಟ್ಟೋದ ಮುಖ್ಯಸ್ಥನಾಗಿದ್ದ ನಾಜಿ ಅಧಿಕಾರಿ. ಈ ಸುದ್ದಿ ಓದಿದವರಲ್ಲಿ ಹೆಚ್ಚಿನವರಿಗೆ ಆ ಹೆಸರು ಮೊದಲೇ ಗೊತ್ತಿತ್ತು. ಅದು ಗೊತ್ತಾದದ್ದು ಚರಿತ್ರೆಯ ಪುಸ್ತಕದಿಂದಲ್ಲ, ನ್ಯಾಯಾಲಯದ ಕಡತದಿಂದಲೂ ಅಲ್ಲ. ಐದು ವರ್ಷ ಮೊದಲು ಬಂದಿದ್ದ ‘ದಿ ಒಡೆಸ್ಸಾ ಫೈಲ್’ ಎಂಬ ಗೂಢಚಾರಿ ಕಾದಂಬರಿಯಿಂದ.

ಬದುಕಿರುವ, ತಲೆಮರೆಸಿಕೊಂಡಿರುವ ಅಪರಾಧಿಯನ್ನು ಅವನ ನಿಜ ಹೆಸರಿನಲ್ಲೇ ಖಳನಾಗಿ ತಂದ ಕಾದಂಬರಿ ಇದು. ಆ ಒಂದು ನಿರ್ಧಾರದಿಂದ ಕಥೆ ಬೇಟೆಯಾಯಿತು. ಅದೇ ನಿರ್ಧಾರದಿಂದ ಚರಿತ್ರೆಗೆ ಒಂದಿಷ್ಟು ಹಾನಿಯೂ ಆಯಿತು. ಎರಡನ್ನೂ ಜೊತೆಯಲ್ಲಿಟ್ಟು ನೋಡದೆ ಈ ಕೃತಿಯ ಬೆಲೆ ಕಟ್ಟಲಾಗದು ಎಂಬುದು ನನ್ನ ನಂಬಿಕೆ.

ಗೂಢಚಾರಿ ಕಾದಂಬರಿ ಹುಟ್ಟಿದಾಗ ಅದರಲ್ಲಿ ಸೇಡಿಗೆ ದೊಡ್ಡ ಜಾಗವಿರಲಿಲ್ಲ. ಅರ್‌ಸ್ಕಿನ್ ಚೈಲ್ಡರ್ಸ್ 1903ರಲ್ಲಿ ಬರೆದ ‘ದಿ ರಿಡ್ಲ್ ಆಫ್ ದಿ ಸ್ಯಾಂಡ್ಸ್’ ಆಗಲಿ, ಜಾನ್ ಬಕನ್ 1915ರಲ್ಲಿ ಬರೆದ ‘ದಿ ಥರ್ಟಿ-ನೈನ್ ಸ್ಟೆಪ್ಸ್’ ಆಗಲಿ ದೇಶಕ್ಕೆ ಬಂದ ಗಂಡಾಂತರದ ಕಥೆಗಳು. ನಾಯಕನಿಗೆ ಯಾರ ಮೇಲೂ ಸ್ವಂತ ಹಗೆಯಿಲ್ಲ. ಹಗೆ ಒಳಗೆ ಬಂದದ್ದು 1939ರಲ್ಲಿ, ಜೆಫ್ರಿ ಹೌಸ್‌ಹೋಲ್ಡ್ ಅವರ ‘ರೋಗ್ ಮೇಲ್’ ಮೂಲಕ. ಇಂಗ್ಲಿಷ್ ಬೇಟೆಗಾರನೊಬ್ಬ ಯುರೋಪಿನ ಸರ್ವಾಧಿಕಾರಿಯೊಬ್ಬನ ಮೇಲೆ ದುರ್ಬೀನಿನ ಬಂದೂಕು ಗುರಿಯಿಡುತ್ತಾನೆ, ಸಿಕ್ಕಿಬೀಳುತ್ತಾನೆ, ಚಿತ್ರಹಿಂಸೆ ಉಂಡು ತಪ್ಪಿಸಿಕೊಳ್ಳುತ್ತಾನೆ, ಕೊನೆಗೆ ಡಾರ್ಸೆಟ್‌ನ ಹಳ್ಳಿದಾರಿಯ ಪಕ್ಕ ಬಿಲ ತೋಡಿ ಪ್ರಾಣಿಯಂತೆ ಅವಿತುಕೊಳ್ಳುತ್ತಾನೆ. ಗುರಿಯಿಟ್ಟದ್ದು ಬರೀ ಬೇಟೆಯ ಚಪಲಕ್ಕೆ, ಕುದುರೆ ಒತ್ತುವ ಮನಸ್ಸಿರಲಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಆ ಬಿಲದ ಕತ್ತಲಲ್ಲಿ, ಶತ್ರುವಿನ ಪ್ರಶ್ನೆಗಳ ಎದುರು, ಸತ್ಯ ಹೊರಬೀಳುತ್ತದೆ: ಅವನು ಪ್ರೀತಿಸಿದ ಹೆಣ್ಣನ್ನು ಆ ಆಡಳಿತ ಕೊಂದಿತ್ತು. ಆ ಸರ್ವಾಧಿಕಾರಿಗೆ ಕಾದಂಬರಿಯಲ್ಲಿ ಹೆಸರಿಲ್ಲ. ಓದುಗರಿಗೆ ಹೆಸರು ಬೇಕಿರಲಿಲ್ಲ. 1939ರಲ್ಲಿ ಅವನಾರೆಂದು ಮಕ್ಕಳಿಗೂ ತಿಳಿದಿತ್ತು.

ಯುದ್ಧಾನಂತರದ ಕಾದಂಬರಿಗಳು ಸೇಡನ್ನು ಸರ್ಕಾರಿ ನೌಕರಿಯೊಳಗೆ ಸೇರಿಸಿಕೊಂಡವು. ಇಯಾನ್ ಫ್ಲೆಮಿಂಗ್ ಅವರ ಬಾಂಡ್ 1963ರ ಕಾದಂಬರಿಯಲ್ಲಿ ಹೆಂಡತಿಯನ್ನು ಕಳೆದುಕೊಂಡು 1964ರ ಕಾದಂಬರಿಯಲ್ಲಿ ಕೊಂದವನ ಕತ್ತು ಹಿಸುಕುತ್ತಾನೆ. ಜಾನ್ ಲೆ ಕಾರೆ 1963ರ ‘ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್’ನಲ್ಲಿ ಇದನ್ನು ತಲೆಕೆಳಗು ಮಾಡಿದರು. ಮುಂಡ್ಟ್ ಎಂಬ ಪೂರ್ವ ಜರ್ಮನ್ ಅಧಿಕಾರಿಯ ಮೇಲೆ ಬ್ರಿಟಿಷ್ ಗೂಢಚಾರಿ ಲೀಮಾಸ್‌ಗಿರುವ ಹಗೆಯನ್ನೇ ಅವನ ಇಲಾಖೆ ಗಾಳದ ಎರೆಹುಳುವಾಗಿ ಬಳಸುತ್ತದೆ. ಅವನು ಯಾರನ್ನು ಮುಗಿಸಲು ಹೊರಟನೋ ಆ ಮನುಷ್ಯ ಇಲಾಖೆಯದೇ ಆಳು. ಶೀತಲ ಸಮರದ ಬಗ್ಗೆ ಇದಕ್ಕಿಂತ ನೋವಿನ ಮಾತನ್ನು ಯಾವ ಕಾದಂಬರಿಯೂ ಹೇಳಿಲ್ಲ ಎಂದು ನನಗನಿಸುತ್ತದೆ.

‘ದಿ ಒಡೆಸ್ಸಾ ಫೈಲ್’ ಬರೆದ ಫ್ರೆಡರಿಕ್ ಫೋರ್ಸೈತ್ ಬಂದದ್ದು ಬೇರೆ ದಾರಿಯಿಂದ. 1938ರಲ್ಲಿ ಕೆಂಟ್‌ನ ಆ್ಯಶ್‌ಫರ್ಡ್‌ನಲ್ಲಿ ಹುಟ್ಟಿದ ಅವರು ವಾಯುಪಡೆಯ ಪೈಲಟ್ ಆಗಿದ್ದರು, ರಾಯಿಟರ್ಸ್ ವರದಿಗಾರರಾಗಿ ಪ್ಯಾರಿಸ್‌ನಲ್ಲೂ 1963ರಲ್ಲಿ ಪೂರ್ವ ಬರ್ಲಿನ್‌ನಲ್ಲೂ ಕೆಲಸ ಮಾಡಿದರು, ನೈಜೀರಿಯಾದ ಬಿಯಾಫ್ರಾ ಯುದ್ಧವನ್ನು ಹತ್ತಿರದಿಂದ ಕಂಡರು. ಸುದ್ದಿಮನೆಯ ಈ ತರಬೇತಿ 1971ರ ‘ದಿ ಡೇ ಆಫ್ ದಿ ಜಾಕಲ್’ನಲ್ಲಿ ಹೊಸ ಶೈಲಿಯಾಯಿತು: ನಕಲಿ ಪಾಸ್‌ಪೋರ್ಟ್ ಮಾಡಿಸುವ ಬಗೆ, ಬಂದೂಕು ಬಿಚ್ಚಿ ಜೋಡಿಸುವ ಬಗೆ, ಎಲ್ಲವೂ ವರದಿಯಂತೆ. ಅಲ್ಲಿ ಗುರಿ ಫ್ರಾನ್ಸಿನ ಅಧ್ಯಕ್ಷ ದ ಗಾಲ್. ಅವರು 1970ರಲ್ಲಿ ತಮ್ಮ ಮನೆಯಲ್ಲೇ ಸಹಜವಾಗಿ ತೀರಿಕೊಂಡಿದ್ದರಿಂದ ಕೊಲೆಗಾರ ಸೋಲುತ್ತಾನೆಂದು ಓದುಗರಿಗೆ ಮೊದಲ ಪುಟದಲ್ಲೇ ಗೊತ್ತು. 1972ರ ‘ದಿ ಒಡೆಸ್ಸಾ ಫೈಲ್’ನಲ್ಲಿ ಆ ಭರವಸೆಯಿಲ್ಲ. ಖಳ ಎಲ್ಲಿದ್ದಾನೆಂದು ಓದುಗರಿಗೂ ಗೊತ್ತಿಲ್ಲ. ಅವನು ನಿಜವಾಗಿಯೂ ಎಲ್ಲೋ ಉಸಿರಾಡುತ್ತಿದ್ದ.

ಕಥೆ ತೆರೆದುಕೊಳ್ಳುವುದು 1963ರ ನವೆಂಬರ್ 22ರ ರಾತ್ರಿ, ಹ್ಯಾಂಬರ್ಗ್‌ನಲ್ಲಿ. ಪೀಟರ್ ಮಿಲ್ಲರ್ ಎಂಬ ಸ್ವತಂತ್ರ ವರದಿಗಾರ ತನ್ನ ಜಾಗ್ವಾರ್ ಕಾರಿನಲ್ಲಿ ಹೋಗುತ್ತಿರುವಾಗ ರೇಡಿಯೋದಲ್ಲಿ ಕೆನಡಿ ಹತ್ಯೆಯ ಸುದ್ದಿ ಬರುತ್ತದೆ. ಅವನು ಕಾರನ್ನು ಬದಿಗೆ ನಿಲ್ಲಿಸುತ್ತಾನೆ. ಅದೇ ಹೊತ್ತಿಗೆ ಆಂಬುಲೆನ್ಸ್ ಒಂದು ಹಾದುಹೋಗುತ್ತದೆ, ಸುದ್ದಿಗಾರನ ಚಾಳಿಯಂತೆ ಹಿಂಬಾಲಿಸುತ್ತಾನೆ. ಅದು ಹೋಗಿ ನಿಂತಲ್ಲಿ ಗ್ಯಾಸ್ ತಿರುಗಿಸಿಕೊಂಡು ಸತ್ತ ಸಾಲೊಮನ್ ಟೌಬರ್ ಎಂಬ ಯಹೂದಿ ಮುದುಕ. ಮರುದಿನ ಪೊಲೀಸ್ ಗೆಳೆಯನೊಬ್ಬನ ಕೈಯಿಂದ ಟೌಬರ್‌ನ ದಿನಚರಿ ಮಿಲ್ಲರ್‌ಗೆ ಸಿಗುತ್ತದೆ. ರೀಗಾದಲ್ಲಿ ಕಂಡದ್ದೆಲ್ಲ ಅದರಲ್ಲಿದೆ. ಅಲ್ಲಿ ತನ್ನವರನ್ನು ಕೊಂದ ರೋಷ್‌ಮನ್‌ನನ್ನು ಹ್ಯಾಂಬರ್ಗ್‌ನಲ್ಲೇ ನೋಡಿದ್ದ ಟೌಬರ್, ಅವನನ್ನು ಯಾರೂ ಮುಟ್ಟಲಾರರೆಂದು ಕಂಡು ಬದುಕುವ ಆಸೆ ಬಿಟ್ಟಿದ್ದ.

ರೀಗಾದ ವಾಸ್ತವ ಕಾದಂಬರಿಗಿಂತ ಕಠೋರವಾಗಿತ್ತು. ಜರ್ಮನ್ ಸೇನೆ 1941ರ ಜುಲೈನಲ್ಲಿ ನಗರ ಹಿಡಿಯಿತು. ಅದೇ ವರ್ಷ ನವೆಂಬರ್ 30 ಮತ್ತು ಡಿಸೆಂಬರ್ 8ರಂದು, ಎರಡೇ ದಿನಗಳಲ್ಲಿ, ಊರಾಚೆಯ ರುಂಬುಲಾ ಕಾಡಿನಲ್ಲಿ ಸುಮಾರು 25,000 ಯಹೂದಿಯರನ್ನು ಗುಂಡಿಟ್ಟು ಕೊಂದರು. ಖಾಲಿಯಾದ ಮನೆಗಳಿಗೆ ಜರ್ಮನಿ, ಆಸ್ಟ್ರಿಯಾಗಳಿಂದ ರೈಲಿನಲ್ಲಿ ತಂದ ಯಹೂದಿಯರನ್ನು ತುಂಬಿದರು. ಆ ಘೆಟ್ಟೋದ ಬೀದಿಗಳಿಗೆ ಬಂದವರ ಊರುಗಳ ಹೆಸರನ್ನೇ ಇಡಲಾಗಿತ್ತು: ಕಲೋನ್ ಬೀದಿ, ಬರ್ಲಿನ್ ಬೀದಿ, ಲೈಪ್‌ಜಿಗ್ ಬೀದಿ. ತಮ್ಮನ್ನು ಹೊರದಬ್ಬಿದ ಊರಿನ ಹೆಸರಿನ ಬೀದಿಯಲ್ಲಿ ಅವರು ಮುಂದಿನ ಸರದಿಗೆ ಕಾಯುತ್ತಿದ್ದರು.

ಇಲ್ಲಿ ಚರಿತ್ರೆಯನ್ನೂ ಕಾದಂಬರಿಯನ್ನೂ ಬಿಡಿಸಿ ನೋಡಬೇಕು. ರುಂಬುಲಾ ಹತ್ಯಾಕಾಂಡವನ್ನು ಸಂಘಟಿಸಿದವನು ಫ್ರೀಡ್ರಿಷ್ ಯೆಕೆಲ್ನ್. ಅವನನ್ನು 1946ರ ಫೆಬ್ರವರಿಯಲ್ಲಿ ರೀಗಾದಲ್ಲೇ ಗಲ್ಲಿಗೇರಿಸಲಾಯಿತು. ಘೆಟ್ಟೋದ ಮೊದಲ ಮುಖ್ಯಸ್ಥ ಕುರ್ಟ್ ಕ್ರೌಸೆ. ಗ್ರಾಜ್ ಊರಿನ ರೋಷ್‌ಮನ್ ಆ ಸ್ಥಾನಕ್ಕೆ ಬಂದದ್ದು 1943ರ ಜನವರಿಯಲ್ಲಿ, ಅಷ್ಟರಲ್ಲಿ ಅತಿ ದೊಡ್ಡ ಕೊಲೆಗಳು ಮುಗಿದಿದ್ದವು. ಅವನ ಕೈಗೆ ರಕ್ತ ಅಂಟಿತ್ತು, ಅದರಲ್ಲಿ ಸಂದೇಹವಿಲ್ಲ. ಆದರೆ ‘ರೀಗಾದ ಕಟುಕ’ ಎಂಬ ಬಿರುದು ಅವನೊಬ್ಬನಿಗೇ ಗಟ್ಟಿಯಾಗಿ ಅಂಟಿದ್ದು ಕಾದಂಬರಿಯಿಂದ. ಅವನನ್ನು ಖಳನಾಗಿಸುವ ಸಲಹೆ ಬಂದದ್ದು ವಿಯೆನ್ನಾದ ನಾಜಿ ಬೇಟೆಗಾರ ಸೈಮನ್ ವೀಸೆಂಥಾಲ್ ಅವರಿಂದ. ಕಲ್ಪನೆಯ ಖಳನೇಕೆ, ನಿಜವಾದವನೇ ಇದ್ದಾನಲ್ಲ ಎಂಬುದು ಅವರ ಮಾತಿನ ಸಾರ. ಹುಡುಕುವವರ ಬಳಿ ಸೈನ್ಯವಿಲ್ಲ, ಸರ್ಕಾರವಿಲ್ಲ. ಲಕ್ಷಾಂತರ ಪ್ರತಿ ಮಾರಾಟವಾಗುವ ಕಾದಂಬರಿ ಅವರ ಪಾಲಿಗೆ ಊರೂರಿಗೆ ಹೊಡೆಸಿದ ಡಂಗುರ.

ಕಾದಂಬರಿಯ ಶೀರ್ಷಿಕೆಯ ‘ಒಡೆಸ್ಸಾ’ ಕಪ್ಪು ಸಮುದ್ರದ ತೀರದ ಊರಲ್ಲ. ನಾಜಿಗಳ ಎಸ್‌ಎಸ್ ಪಡೆಯ ಮಾಜಿ ಸದಸ್ಯರ ಸಂಘಟನೆ ಎಂಬ ಜರ್ಮನ್ ಹೆಸರಿನ ಆದ್ಯಕ್ಷರಗಳು. ಕಥೆಯಲ್ಲಿ ಅದು ಹಣವಂತ, ಶಿಸ್ತಿನ, ದೇಶದೇಶಗಳಿಗೆ ಹಬ್ಬಿದ ಜಾಲ. ಉಕಿ ಗೋನಿ, ಗೆರಾಲ್ಡ್ ಸ್ಟೈನಾಕರ್, ಗೈ ವಾಲ್ಟರ್ಸ್ ಮುಂತಾದ ಸಂಶೋಧಕರು ಈಚಿನ ದಶಕಗಳಲ್ಲಿ ದಾಖಲೆಗಳನ್ನು ಜಾಲಾಡಿದಾಗ ಅಂಥ ಒಂದೇ ಕೇಂದ್ರವುಳ್ಳ ಸಂಘಟನೆ ಸಿಗಲಿಲ್ಲ. ಸಿಕ್ಕಿದ್ದು ಚೂರುಚೂರು ದಾರಿಗಳು: ರೋಮ್‌ನಲ್ಲಿದ್ದ ಬಿಷಪ್ ಅಲೋಯಿಸ್ ಹುಡಾಲ್, ರೆಡ್‌ಕ್ರಾಸ್ ಕೊಡುತ್ತಿದ್ದ ಪ್ರಯಾಣಪತ್ರ, ಜಿನೋವಾ ಬಂದರು, ಅರ್ಜೆಂಟೀನಾದಲ್ಲಿ ಪೆರೋನ್ ಸರ್ಕಾರದ ಸ್ವಾಗತ. ರೋಷ್‌ಮನ್ 1948ರಲ್ಲಿ ಬ್ಯೂನಸ್ ಐರಿಸ್ ಸೇರಿದ್ದು ಇದೇ ದಾರಿಯಲ್ಲಿ. ಅಲ್ಲಿ ಮರದ ವ್ಯಾಪಾರ ಮಾಡಿದ, ಮೊದಲ ಹೆಂಡತಿ ಇರುವಾಗಲೇ ಇನ್ನೊಂದು ಮದುವೆಯಾದ. ಅಂದರೆ ಅವನನ್ನು ಉಳಿಸಿದ್ದು ಭಯಂಕರ ರಹಸ್ಯ ಸಂಘವಲ್ಲ, ನಾಲ್ಕಾರು ಸಂಸ್ಥೆಗಳ ಜನ ತೋರಿದ ದಾಕ್ಷಿಣ್ಯ ಮತ್ತು ಅಲಕ್ಷ್ಯ. ನನ್ನ ದೃಷ್ಟಿಯಲ್ಲಿ ಇದು ಕಾದಂಬರಿಯ ಕಲ್ಪನೆಗಿಂತ ಹೆಚ್ಚು ಭಯ ಹುಟ್ಟಿಸುವ ಸಂಗತಿ, ಮತ್ತು ಜನಪ್ರಿಯ ಕಥೆಯ ಬೆಳಕಿನಲ್ಲಿ ಇದೇ ಮರೆಯಾಯಿತು.

ಅಂತರರಾಷ್ಟ್ರೀಯ ಸಂಚಿನ ಎಳೆಯಲ್ಲಿ ಫೋರ್ಸೈತ್ ವಾಸ್ತವಕ್ಕೆ ಹೆಚ್ಚು ಹತ್ತಿರವಿದ್ದಾರೆ. 1962ರ ಜುಲೈನಲ್ಲಿ ನಾಸೆರ್ ಅವರ ಈಜಿಪ್ಟ್ ಹೊಸ ರಾಕೆಟ್‌ಗಳನ್ನು ಪ್ರದರ್ಶಿಸಿತು. ಅವುಗಳ ಹಿಂದೆ ಜರ್ಮನ್ ತಂತ್ರಜ್ಞರಿದ್ದರು. ಇಸ್ರೇಲಿನ ಗೂಢಚಾರ ಸಂಸ್ಥೆ ಮೊಸಾದ್ ಅವರ ಮೇಲೆ ಕಾರ್ಯಾಚರಣೆ ನಡೆಸಿತು. ಟಪಾಲಿನಲ್ಲಿ ಬಾಂಬುಗಳು ಹೋದವು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈ ರಾಕೆಟ್ ಯೋಜನೆಗೆ ನೆರವಾಗುತ್ತಿದ್ದ ಹೈನ್ಜ್ ಕ್ರುಗ್ ಮ್ಯೂನಿಕ್‌ನಿಂದ ಕಾಣೆಯಾದ, 1963ರ ಮಾರ್ಚ್‌ನಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಮೊಸಾದ್ ಆಳುಗಳ ಬಂಧನವಾಗಿ ಅದರ ಮುಖ್ಯಸ್ಥ ಇಸ್ಸರ್ ಹಾರೆಲ್ ರಾಜೀನಾಮೆ ಕೊಟ್ಟರು. ರಾಕೆಟ್‌ಗಳಿಗೆ ದಾರಿ ತೋರುವ ನಿಯಂತ್ರಣ ವ್ಯವಸ್ಥೆ ಈಜಿಪ್ಟಿಗೆ ಕೊನೆಗೂ ಒಲಿಯಲಿಲ್ಲ. ಕಾದಂಬರಿಯಲ್ಲಿ ರೋಷ್‌ಮನ್ ಹೊಸ ಹೆಸರಿನಲ್ಲಿ ತಯಾರಿಸಿಕೊಡಬೇಕಾದದ್ದು ಅದೇ ವ್ಯವಸ್ಥೆಯನ್ನು. ಇಲ್ಲದ ಕೊಂಡಿಯನ್ನು ಇರುವ ಎರಡು ಸರಪಳಿಗಳ ನಡುವೆ ಬೆಸೆದ ಜಾಣ್ಮೆ ಇದು.

ಆ ಕಾಲದ ಇನ್ನೊಂದು ಒತ್ತಡವನ್ನೂ ನೆನೆಯಬೇಕು. ಪಶ್ಚಿಮ ಜರ್ಮನಿಯ ಕಾನೂನಿನಲ್ಲಿ ಕೊಲೆ ಮೊಕದ್ದಮೆಗೆ 20 ವರ್ಷಗಳ ಕಾಲಮಿತಿಯಿತ್ತು. 1945ರ ಮೇ ತಿಂಗಳಿಂದ ಎಣಿಸಿದರೆ 1965ರ ಮೇ ತಿಂಗಳಿಗೆ ಬಾಗಿಲು ಮುಚ್ಚುತ್ತಿತ್ತು. ಸಂಸತ್ತು 1965ರಲ್ಲಿ ಎಣಿಕೆಯ ಆರಂಭವನ್ನು 1949ರ ಕೊನೆಗೆ ದೂಡಿತು, 1969ರಲ್ಲಿ ಮಿತಿಯನ್ನು 30 ವರ್ಷಕ್ಕೆ ಏರಿಸಿತು, 1979ರಲ್ಲಿ ಪೂರ್ತಿ ತೆಗೆದುಹಾಕಿತು. ಮಿಲ್ಲರ್ ಹುಡುಕಾಟಕ್ಕಿಳಿದ ಚಳಿಗಾಲದಲ್ಲೇ, 1963ರ ಡಿಸೆಂಬರ್ 20ರಂದು, ಫ್ರಾಂಕ್‌ಫರ್ಟ್‌ನಲ್ಲಿ ಆಶ್ವಿಟ್ಜ್ ವಿಚಾರಣೆ ಶುರುವಾಗಿತ್ತು. ಕಾನೂನಿನ ಗಡಿಯಾರ ಓಡುತ್ತಿರುವಾಗ ಸೇಡಿನ ಕಥೆಗೆ ಕಿವಿಗಳು ಹೆಚ್ಚು. 1965ರ ಫೆಬ್ರವರಿಯಲ್ಲಿ, ಈ ಕಾಲಮಿತಿಯ ಚರ್ಚೆ ನಡೆಯುತ್ತಿರುವಾಗಲೇ, ರೀಗಾದ ಕೊಲೆಗಳಲ್ಲಿ ಭಾಗಿಯಾದ ಆರೋಪವಿದ್ದ ಲಾಟ್ವಿಯಾದ ವೈಮಾನಿಕ ಹರ್ಬರ್ಟ್ಸ್ ಸುಕುರ್ಸ್‌ನನ್ನು ಮೊಸಾದ್ ಆಳುಗಳು ಉರುಗ್ವೇಗೆ ಕರೆಸಿಕೊಂಡು ಕೊಂದು, ಶವವನ್ನು ಪೆಟ್ಟಿಗೆಯೊಳಗೆ ಬಿಟ್ಟುಹೋದರು.

ಕನ್ನಡದಲ್ಲಿ ‘ಮುಯ್ಯಿ’ ಎಂಬ ಮಾತಿದೆ. ಮದುವೆಯಲ್ಲಿ ಬಂದ ಉಡುಗೊರೆಯನ್ನು ಅವರ ಮನೆಯ ಕಾರ್ಯದಲ್ಲಿ ಹಿಂದಿರುಗಿಸುವುದೂ ಮುಯ್ಯಿ, ಏಟಿಗೆ ಏಟು ಕೊಡುವುದೂ ಮುಯ್ಯಿ. ಎರಡೂ ಇಬ್ಬರ ನಡುವಿನ ಲೆಕ್ಕ, ಮೂರನೆಯವನು ತೀರಿಸುವಂತಿಲ್ಲ. ‘ದಿ ಒಡೆಸ್ಸಾ ಫೈಲ್’ನ ಕಟ್ಟಡ ನಿಂತಿರುವುದು ಈ ಪ್ರಶ್ನೆಯ ಮೇಲೆ. ಯಹೂದಿಯಲ್ಲದ, ಯುದ್ಧದಲ್ಲಿ ಮಗುವಾಗಿದ್ದ ಜರ್ಮನ್ ವರದಿಗಾರ ಸತ್ತ ಮುದುಕನ ಲೆಕ್ಕವನ್ನು ಏಕೆ ಹೊತ್ತುಕೊಂಡ? ಎಲ್ಲರೂ ಕೇಳುತ್ತಾರೆ, ಅವನು ಬಾಯಿಬಿಡುವುದಿಲ್ಲ. ಉತ್ತರ ದಿನಚರಿಯಲ್ಲೇ ಇದೆ, ಓದುಗರು ದಾಟಿ ಬಂದಿರುತ್ತಾರೆ. ಸೋಲುತ್ತಿರುವ ಸೇನೆ ರೀಗಾ ಬಿಡುವಾಗ ಗಾಯಾಳುಗಳಿಗೆ ಮೀಸಲಾದ ಹಡಗನ್ನು ರೋಷ್‌ಮನ್ ಕಿತ್ತುಕೊಳ್ಳಲು ಹೋಗುತ್ತಾನೆ. ಕೊರಳಲ್ಲಿ ನೈಟ್ಸ್ ಕ್ರಾಸ್ ಪದಕವಿದ್ದ ಸೇನಾ ಕ್ಯಾಪ್ಟನ್ ಅಡ್ಡ ನಿಲ್ಲುತ್ತಾನೆ, ರೋಷ್‌ಮನ್ ಅವನನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಆ ಪದಕದ ಗುರುತಿನಿಂದ ಮಿಲ್ಲರ್‌ಗೆ ತಿಳಿಯುತ್ತದೆ, ಸತ್ತವನು ತನ್ನ ಅಪ್ಪ. ಹೌಸ್‌ಹೋಲ್ಡ್‌ನ ಬೇಟೆಗಾರನಂತೆ ಇವನೂ ಸ್ವಂತ ಗಾಯವನ್ನು ಕಥೆಯ ಕೊನೆಯವರೆಗೆ ಮುಚ್ಚಿಟ್ಟವನು. ಈ ಹಡಗಿನ ಪ್ರಸಂಗ ಕಲ್ಪಿತ. ಸಾವಿರಾರು ಯಹೂದಿಯರ ಸಾವಿಗೆ ಜರ್ಮನ್ ಓದುಗರ ಮನಸ್ಸು ಕದಲದಿದ್ದರೂ ಪದಕ ಗಳಿಸಿದ ಜರ್ಮನ್ ಸೈನಿಕನ ಸಾವಿಗೆ ಕದಲೀತು ಎಂಬ ಕಹಿ ಅರಿವು ಅದರಲ್ಲಿದೆ.

ಕಾದಂಬರಿಯಲ್ಲಿ ರೋಷ್‌ಮನ್ ತಪ್ಪಿಸಿಕೊಳ್ಳುತ್ತಾನೆ. ರೊನಾಲ್ಡ್ ನೀಮ್ ನಿರ್ದೇಶಿಸಿದ 1974ರ ಚಲನಚಿತ್ರದಲ್ಲಿ ಮಿಲ್ಲರ್ ಪಾತ್ರದ ಜಾನ್ ವಾಯ್ಟ್, ರೋಷ್‌ಮನ್ ಪಾತ್ರದ ಮ್ಯಾಕ್ಸಿಮಿಲಿಯನ್ ಶೆಲ್‌ನನ್ನು ಕೊಲ್ಲುತ್ತಾನೆ. ಪ್ರೇಕ್ಷಕರು ಹಗುರಾಗಿ ಮನೆಗೆ ಹೋದರು. ಫೋರ್ಸೈತ್ ಅವರ ಅಂತ್ಯವೇ ಸರಿ ಎಂದು ನಾನು ವಾದಿಸುತ್ತೇನೆ: ಬದುಕಿರುವವನನ್ನು ಕಥೆಯಲ್ಲಿ ಕೊಂದರೆ ಬೇಟೆ ಮುಗಿದಂತೆ. ಚಿತ್ರ ನೋಡಿದವನೊಬ್ಬ ರೋಷ್‌ಮನ್‌ನನ್ನು ಗುರುತು ಹಿಡಿದ ಎಂಬ ಕಥೆ ಪ್ರಚಾರದಲ್ಲಿದೆ. ದಾಖಲೆಯಲ್ಲಿ ನಿಲ್ಲುವ ಸಂಗತಿಯೆಂದರೆ, ಅವನನ್ನು ಒಪ್ಪಿಸುವಂತೆ ಪಶ್ಚಿಮ ಜರ್ಮನಿ 1976ರ ಅಕ್ಟೋಬರಿನಲ್ಲಿ ಅರ್ಜೆಂಟೀನಾವನ್ನು ಕೇಳಿತು. 1977ರ ಜುಲೈನಲ್ಲಿ ಅಲ್ಲಿನ ಸರ್ಕಾರ ಪರಿಶೀಲಿಸುವುದಾಗಿ ಪ್ರಕಟಿಸಿದ್ದೇ ತಡ, ಅವನು ಗಡಿ ದಾಟಿ ಪರಾಗ್ವೇಗೆ ಓಡಿದ. ಒಂದು ತಿಂಗಳಲ್ಲಿ ಸತ್ತ. ಸತ್ತವನು ಅವನೇ ಹೌದೇ ಎಂದು ವೀಸೆಂಥಾಲ್ ಆಗ ಅನುಮಾನಪಟ್ಟಿದ್ದರು.

ಟೌಬರ್ ತನ್ನ ದಿನಚರಿಯ ಕೊನೆಯಲ್ಲಿ ರಕ್ತ ಕೇಳಿರಲಿಲ್ಲ. ಜರ್ಮನ್ ಜನರ ಮೇಲೆ ದ್ವೇಷವಿಲ್ಲವೆಂದು ಬರೆದು, ತನ್ನ ಆತ್ಮಕ್ಕಾಗಿ ಯಾರಾದರೂ ಕದ್ದಿಷ್ ಪ್ರಾರ್ಥನೆ ಹೇಳಲಿ ಎಂದಷ್ಟೇ ಬೇಡಿಕೊಂಡಿದ್ದ. ಕಾದಂಬರಿಯ ಕೊನೆಗೆ ದಿನಚರಿ ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕ ತಲುಪುತ್ತದೆ. ಅಲ್ಲಿ ಇಸ್ರೇಲಿ ಯೋಧನೊಬ್ಬ ಆ ಅಪರಿಚಿತ ಮುದುಕನಿಗಾಗಿ ಪ್ರಾರ್ಥನೆ ಹೇಳುತ್ತಾನೆ.