ಹೊಗೆಸೊಪ್ಪಿನ ಕೊಯ್ಲು ಮತ್ತು ಹೃದಯದ ವೇಗಬಡಿತ: ಹುಣಸೂರು–ಹೆಗ್ಗಡದೇವನಕೋಟೆ ಸೀಮೆಯ ರೋಗನಿದಾನ ಕುರಿತು

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ 60ರಿಂದ 100 ಬಾರಿ ಬಡಿಯುತ್ತದೆ. ನೂರು ದಾಟಿದರೆ ಅದು ಟ್ಯಾಕಿಕಾರ್ಡಿಯಾ. ಜ್ವರ, ರಕ್ತಹೀನತೆ, ಥೈರಾಯ್ಡ್ ದೋಷ, ಆತಂಕ ಇದರ ಪರಿಚಿತ ಕಾರಣಗಳು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಹಸಿ ಹೊಗೆಸೊಪ್ಪನ್ನೂ ಈ ಸಾಲಿಗೆ ಸೇರಿಸಿಯೇ ನಾಡಿ ಹಿಡಿಯಬೇಕೆಂಬುದು ಈ ಲೇಖನದ ವಾದ.

ಇಲ್ಲಿನ ವರ್ಜೀನಿಯಾ ಹೊಗೆಸೊಪ್ಪನ್ನು ಕೆಳಗಿನ ಎಲೆಯಿಂದ ಆರಂಭಿಸಿ ಹಂತಹಂತವಾಗಿ ಮುರಿದು, ಒಣಗಿಸುವ ಬ್ಯಾರನ್ನಿಗೆ ಏರಿಸುತ್ತಾರೆ. ಕೊಯ್ಲಿನ ಬಹುಪಾಲು ಮಳೆಗಾಲದಲ್ಲೇ ನಡೆಯುತ್ತದೆ. ನಿಕೋಟಿನ್ ನೀರಿನಲ್ಲಿ ಕರಗುವಂಥದ್ದು. ಮಳೆಹನಿ, ಇಬ್ಬನಿ, ಬೆವರಿನಲ್ಲಿ ಬೆರೆತು, ಸೊಪ್ಪನ್ನು ಕಂಕುಳಲ್ಲಿ ಅವುಚಿಕೊಂಡವರ ಚರ್ಮದ ಮೂಲಕ ರಕ್ತ ಸೇರುತ್ತದೆ. 1970ರಲ್ಲಿ ಅಮೆರಿಕದ ಫ್ಲಾರಿಡಾದಿಂದ ವರದಿಯಾದ ಈ ವಿಷಬಾಧೆಗೆ 'ಹಸಿರು ತಂಬಾಕು ಕಾಯಿಲೆ' ಎಂಬ ಹೆಸರಿದೆ. ವಾಕರಿಕೆ, ವಾಂತಿ, ತಲೆಸುತ್ತು, ಜೊತೆಗೆ ಎದೆ ಡವಡವ. ನಿಕೋಟಿನ್ ಸ್ವಾಯತ್ತ ನರಗಂಟುಗಳನ್ನೂ ಅಡ್ರಿನಲ್ ಗ್ರಂಥಿಯನ್ನೂ ಕೆರಳಿಸುವುದರಿಂದ ಬಡಿತ ಏರುತ್ತದೆ. ಪ್ರಮಾಣ ಮಿತಿಮೀರಿದರೆ ಬಡಿತವೂ ರಕ್ತದೊತ್ತಡವೂ ಕುಸಿಯುವುದುಂಟು. ಬೀಡಿ ಮುಟ್ಟದ ಹೆಂಗಸರ ದೇಹಕ್ಕೆ ನಿಕೋಟಿನ್ ರೂಢಿಯಿಲ್ಲ, ಹಾಗಾಗಿ ಬಾಧೆ ಅವರಿಗೇ ಹೆಚ್ಚು. ಅವರ ದೂರನ್ನು 'ಗಾಬರಿ' ಎಂದು ಬರೆದು ಕಳಿಸುವುದು ಅನ್ಯಾಯ.

ಹಾಗೆಂದು ಎಲ್ಲ ವೇಗಬಡಿತವನ್ನೂ ಸೊಪ್ಪಿನ ತಲೆಗೆ ಕಟ್ಟಲಾಗದು. ನಿಕೋಟಿನ್‌ನಿಂದ ಬಡಿತ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಇಸಿಜಿಯಲ್ಲಿ ಪಿ ಅಲೆಗಳು ಸಹಜವಾಗಿಯೇ ಇರುತ್ತವೆ. ಹೃದಯದೊಳಗೆ ವಿದ್ಯುತ್ ಸುತ್ತುಹಾದಿಯಿದ್ದರೆ ಬಡಿತ ಒಮ್ಮೆಗೇ 150–250ಕ್ಕೆ ಜಿಗಿದು, ಒಮ್ಮೆಗೇ ನಿಲ್ಲುತ್ತದೆ. ಅಂಥವರಿಗೆ 15 ಸೆಕೆಂಡು ಬಿಗಿಯಾಗಿ ಊದಿಸಿ, ಅಂಗಾತ ಮಲಗಿಸಿ ಕಾಲೆತ್ತಿದರೆ ಎಷ್ಟೋ ಸಲ ಲಯ ಮರಳುತ್ತದೆ. 2015ರ ಇಂಗ್ಲೆಂಡಿನ ಪ್ರಯೋಗದಲ್ಲಿ ಇದು ಶೇ. 43 ಮಂದಿಯಲ್ಲಿ ಫಲಿಸಿತು, ಮಲಗಿಸಿ ಕಾಲೆತ್ತದ ಹಳೆಯ ಕ್ರಮ ಶೇ. 17ರಲ್ಲಿ ಮಾತ್ರ. ಆಗದಿದ್ದರೆ ಅಡಿನೋಸಿನ್ ಚುಚ್ಚುಮದ್ದು, ಮರುಕಳಿಸಿದರೆ ಆ ಸುತ್ತುಹಾದಿಯನ್ನೇ ಕಡಿಯುವ ಅಬ್ಲೇಶನ್ ಚಿಕಿತ್ಸೆ. ಕ್ಯುಆರ್‌ಎಸ್ ಅಲೆ ಅಗಲವಾಗಿದ್ದರೆ ಹೃದಯದ ಕೆಳಕೋಣೆಯ ಅಪಾಯಕಾರಿ ಲಯವೆಂದೇ ಭಾವಿಸಿ ತುರ್ತಾಗಿ ಸಾಗಿಸಬೇಕು.

ಕಠಿಣವಾದದ್ದು ಸೊಪ್ಪಿನ ಬಾಧೆಯಿಂದ ಕೀಟನಾಶಕದ ವಿಷಬಾಧೆಯನ್ನು ಬೇರ್ಪಡಿಸುವುದು. ವಾಂತಿ, ಬೆವರು, ಜೊಲ್ಲು ಎರಡರಲ್ಲೂ ಕಾಣಬಹುದು. ಆರ್ಗನೊಫಾಸ್ಫೇಟ್ ಕೀಟನಾಶಕ ರಕ್ತದ ಕೋಲಿನೆಸ್ಟರೇಸ್ ಕಿಣ್ವವನ್ನು ಕುಗ್ಗಿಸುತ್ತದೆ, ನಿಕೋಟಿನ್ ಕುಗ್ಗಿಸುವುದಿಲ್ಲ. ಇನ್ನು ಬುಡಕಟ್ಟು ಹಾಡಿಗಳಿಂದ ಕೂಲಿಗೆ ಬರುವ ಜೇನುಕುರುಬ, ಬೆಟ್ಟಕುರುಬರಲ್ಲಿ ಕುಡಗೋಲು ಕಣ ರಕ್ತಹೀನತೆಯೂ ಬಡಿತ ಏರಿಸುವ ಸಾಧ್ಯತೆಯಿದೆ. ಹಿಮೋಗ್ಲೋಬಿನ್ ನೋಡದೆ ತೀರ್ಮಾನ ಸಲ್ಲದು.

ಹೆಗ್ಗಡದೇವನಕೋಟೆಯಿಂದ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ತಲುಪುವಷ್ಟರಲ್ಲಿ ಬಡಿತ ಇಳಿದು ಸಾಕ್ಷ್ಯವೇ ಅಳಿಸಿಹೋಗಬಹುದು. ಆದ್ದರಿಂದ ಎದೆ ಹೊಡೆದುಕೊಳ್ಳುತ್ತಿರುವಾಗಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಆ ಹಾಳೆಯ ಮೇಲೆಯೇ ರೋಗಿ ಸೊಪ್ಪು ಮುರಿದ ದಿನ, ಗಂಟೆ, ಬಟ್ಟೆ ಒದ್ದೆಯಾಗಿತ್ತೇ, ಕೀಟನಾಶಕ ಸಿಂಪಡಿಸಿದ್ದರೇ ಎಂಬಿಷ್ಟನ್ನೂ ಬರೆದು ಕಳಿಸಬೇಕು.