ಮಜ್ಜಿಗೆಗೆ ಇಳಿದ ಪೊರೆ: ಹಾಲಿನ ಅಳತೆಯ ಚರಿತ್ರೆಯಿಂದ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪರಿಸರದ ಹೈನಿನ ಮನೆಗಳಲ್ಲಿ ಬೆಣ್ಣೆ ಪೇಟೆಯ ಸರಕು. ಮಜ್ಜಿಗೆ ಕೇಳಿದವರಿಗೆ ಕೊಡುವ ವಸ್ತು. ಹಾಲನ್ನು ಸೇರು, ಪಾವುಗಳಲ್ಲಿ ಅಳೆದ ಜನಪದರು ಮಜ್ಜಿಗೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಹಾಲಿನ ಪ್ರತಿಯೊಂದು ಜಿಡ್ಡಿನ ಹನಿಗೂ ತೆಳುವಾದ ಪೊರೆಯಿದೆ. ಕಡಗೋಲಿನ ಹೊಡೆತಕ್ಕೆ ಪೊರೆ ಹರಿದು ಜಿಡ್ಡು ಬೆಣ್ಣೆಯಾಗಿ ಕೂಡುತ್ತದೆ. ಪೊರೆಯ ಪ್ರೋಟೀನುಗಳ ಬಹುಪಾಲು ಮಜ್ಜಿಗೆಗೆ ಇಳಿಯುತ್ತದೆ.

ಡೇರಿಯ ಅಳತೆಯೂ ಪೊರೆಯನ್ನು ಗಣಿಸಲಿಲ್ಲ. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗೆರ್ಬರ್ 1891ರಲ್ಲಿ ರೂಪಿಸಿದ ಪರೀಕ್ಷೆಯಲ್ಲಿ ಗಂಧಕಾಮ್ಲವು ಈ ಪೊರೆಯನ್ನೇ ಕರಗಿಸಿ ಜಿಡ್ಡನ್ನು ಬಿಡಿಸುತ್ತದೆ. ಜನರ ಬಾಯಲ್ಲಿ ‘ಫ್ಯಾಟು’ ಎನಿಸಿದ ಅಂಕಿ ಪೊರೆಯ ನಾಶದಿಂದ ಹುಟ್ಟಿದ್ದು.

ಪೊರೆಯ ಪ್ರೋಟೀನನ್ನು ಶುದ್ಧಗೊಳಿಸಿ ಅದರ ಸಾಂದ್ರತೆಯನ್ನು ಅಳೆಯುವುದು ಇನ್ನೂ ಕಠಿಣ. ಅದು ಬರಿಯ ನೀರಿನಲ್ಲಿ ನಿಲ್ಲದು; ಸಾಬೂನಿನಂಥ ಮಾರ್ಜಕದ ಆಸರೆ ಬೇಕು. ಆ ಆಸರೆಯೇ ಅಳತೆಯನ್ನು ಕೆಡಿಸುತ್ತದೆ. ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ 280 ನ್ಯಾನೊಮೀಟರಿನ ಬೆಳಕನ್ನು ತಾನೇ ಹೀರಿ ಪ್ರೋಟೀನಿನ ಲೆಕ್ಕವನ್ನು ಹಿಗ್ಗಿಸುತ್ತದೆ. 1976ರ ಬ್ರಾಡ್‌ಫರ್ಡ್ ವಿಧಾನದ ನೀಲಿ ಬಣ್ಣವೂ ಮಾರ್ಜಕಕ್ಕೆ ಮೋಸಹೋಗುತ್ತದೆ. 1951ರ ಲೌರಿ ವಿಧಾನವನ್ನು 1978ರಲ್ಲಿ ಮಾರ್ಕ್‌ವೆಲ್ ಮತ್ತು ಸಂಗಡಿಗರು ಎಸ್‌ಡಿಎಸ್ ಬೆರೆಸಿ ಪೊರೆಯ ಪ್ರೋಟೀನುಗಳಿಗೆ ಒಗ್ಗಿಸಿದರು. 1985ರಲ್ಲಿ ಬಂದ ಬಿಸಿಎ ವಿಧಾನ ಅನೇಕ ಮಾರ್ಜಕಗಳನ್ನು ತಾಳಿಕೊಳ್ಳುತ್ತದೆ. ಆದರೂ ಪ್ರೋಟೀನಿಲ್ಲದ, ಅಷ್ಟೇ ಮಾರ್ಜಕವಿರುವ ದ್ರಾವಣವನ್ನು ಜೊತೆಗಿಟ್ಟು ಹೋಲಿಸಲೇಬೇಕು. ತುಪ್ಪ ತೂಗುವ ಮುನ್ನ ಬರಿಯ ಗಡಿಗೆಯನ್ನು ತೂಗಿ ಕಳೆಯುವ ಸಂತೆಯ ನ್ಯಾಯವೇ ಇದು.

ಇಂದು ಡೇರಿಯ ದರ ಜಿಡ್ಡು ಹಾಗೂ ಜಿಡ್ಡೇತರ ಘನಾಂಶಗಳ ಮೇಲೆ ನಿಂತಿದೆ. ಪೊರೆಗೆ ಅಲ್ಲಿ ಪ್ರತ್ಯೇಕ ಲೆಕ್ಕವಿಲ್ಲ.