ಕ್ರಯಪತ್ರ ಬರೆಯಲೊಪ್ಪದ ಲೇಖನಿ

ಧರ್ಮವೆಂಬುದು ಆರಾಧನಾಲಯದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುವಂಥದ್ದೇ? ಅಂಗಡಿಯ ಲೆಕ್ಕಪುಸ್ತಕ, ಊಟದ ತಟ್ಟೆ, ಉಡುವ ಬಟ್ಟೆ ಇವುಗಳಿಗೂ ಅದಕ್ಕೂ ಏನಾದರೂ ಸಂಬಂಧವಿದೆಯೇ? ಎಲ್ಲ ಧರ್ಮಗಳ ಅನುಯಾಯಿಗಳನ್ನೂ ಕಾಡುವ ಈ ಪ್ರಶ್ನೆಗೆ 18ನೇ ಶತಮಾನದ ಅಮೆರಿಕದ ಒಬ್ಬ ಸಾಮಾನ್ಯ ದರ್ಜಿ ತನ್ನ ಬದುಕಿನಿಂದಲೇ ಉತ್ತರ ಕೊಟ್ಟರು. ಅವರ ಹೆಸರು ಜಾನ್ ವುಲ್ಮನ್.

ವುಲ್ಮನ್ 1720ರಲ್ಲಿ ನ್ಯೂಜೆರ್ಸಿಯ ಕ್ವೇಕರ್ ಕುಟುಂಬವೊಂದರಲ್ಲಿ ಹುಟ್ಟಿದರು. ಕ್ವೇಕರರು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿಕೊಂಡ ಒಂದು ಕ್ರೈಸ್ತ ಪಂಗಡ. ಅವರಲ್ಲಿ ಪಾದ್ರಿಗಳಿರಲಿಲ್ಲ, ಮೌನವೇ ಪ್ರಾರ್ಥನೆಯಾಗಿತ್ತು. ಪ್ರತಿಯೊಬ್ಬ ಮನುಷ್ಯನೊಳಗೂ ದೇವರ ಬೆಳಕಿದೆ ಎಂಬುದು ಅವರ ನಂಬಿಕೆ. ಆದರೆ ಹೀಗೆ ನಂಬಿದವರ ಮನೆ, ಹೊಲಗಳಲ್ಲಿಯೇ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ದುಡಿಯುತ್ತಿದ್ದರು. ಪೆನ್ಸಿಲ್ವೇನಿಯಾದ ಸ್ಥಾಪಕ, ಸ್ವತಃ ಕ್ವೇಕರನಾಗಿದ್ದ ವಿಲಿಯಂ ಪೆನ್ ಕೂಡ ಗುಲಾಮರನ್ನು ಇಟ್ಟುಕೊಂಡಿದ್ದ. ಇದು ತಪ್ಪೆಂದು 1688ರಲ್ಲಿಯೇ ಜರ್ಮನ್‌ಟೌನ್ ಎಂಬ ಊರಿನ ನಾಲ್ವರು ಲಿಖಿತ ಪ್ರತಿಭಟನೆ ಸಲ್ಲಿಸಿದ್ದರು. ಅದು ಒಂದು ಸಭೆಯಿಂದ ಇನ್ನೊಂದು ಸಭೆಗೆ ಸಾಗಿ ಕೊನೆಗೆ ಮೂಲೆ ಸೇರಿತು.

ವುಲ್ಮನ್ ಯುವಕರಾಗಿದ್ದಾಗ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಒಂದು ದಿನ ಅವರ ಯಜಮಾನ ಗುಲಾಮ ಹೆಂಗಸೊಬ್ಬಳನ್ನು ಮಾರಿ, ಕ್ರಯಪತ್ರ ಬರೆಯಲು ಅವರಿಗೆ ಹೇಳಿದ. ಕೊಳ್ಳುವವನು ಅದೇ ಪಂಗಡದ ಹಿರಿಯ, ಎದುರಿಗೇ ಕಾಯುತ್ತಿದ್ದ. ವುಲ್ಮನ್ ಪತ್ರವನ್ನು ಬರೆದುಕೊಟ್ಟರು. ಆದರೆ ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಹೊಂದುವುದಿಲ್ಲವೆಂದು ಇಬ್ಬರ ಮುಂದೆಯೂ ಹೇಳಿದರು. ಮುಂದೆ ಮತ್ತೊಬ್ಬ ಇಂಥದೇ ಪತ್ರ ಬರೆಸಲು ಬಂದಾಗ ಅವರು ಬರೆಯಲಿಲ್ಲ. ಗಾಯಗೊಂಡು ಮಲಗಿದ್ದ ನೆರೆಯವನೊಬ್ಬ ಉಯಿಲು ಬರೆಸಲು ಕರೆದಾಗ, ಗುಲಾಮಳಿಗೆ ಸಂಬಂಧಿಸಿದ ಭಾಗವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಬರೆದು ಹಣ ಪಡೆಯದೆ ಹಿಂದಿರುಗಿಸಿದರು. ಈ ಬಗ್ಗೆ ಇಬ್ಬರೂ ಮಾತಾಡಿದರು. ಕೊನೆಗೆ ಆಕೆಯನ್ನು ಬಿಡುಗಡೆ ಮಾಡಲು ಆತ ಒಪ್ಪಿದ.

ವ್ಯಾಪಾರ ಬೆಳೆಯತೊಡಗಿದಾಗ ಅದು ಮನಸ್ಸಿಗೆ ಭಾರವಾಗುತ್ತದೆಂದು ಬಿಟ್ಟು, ಹೊಲಿಗೆಯ ಕಸುಬನ್ನೇ ನೆಚ್ಚಿಕೊಂಡರು. 1757ರಲ್ಲಿ ಮೇರಿಲ್ಯಾಂಡ್, ವರ್ಜೀನಿಯಾಗಳಲ್ಲಿ ಸಂಚರಿಸುವಾಗ ಅವರು ಗುಲಾಮರ ಒಡೆಯರ ಮನೆಗಳಲ್ಲಿಯೇ ಉಳಿಯಬೇಕಾಗಿತ್ತು. ಅತಿಥಿಗೆ ಬಡಿಸಿದ ಊಟವೂ ಗುಲಾಮನ ಬೆವರಲ್ಲವೇ? ಅದಕ್ಕಾಗಿ ಬೆಳ್ಳಿಯ ಚಿಲ್ಲರೆ ನಾಣ್ಯಗಳನ್ನು ಜೊತೆಗೊಯ್ದು, ಹೊರಡುವಾಗ ಸೇವೆ ಮಾಡಿದವರಿಗೆ ಕೊಡುತ್ತಿದ್ದರು. ಇಲ್ಲವೆ ಅವರಿಗೆ ಕೊಡಿರೆಂದು ಒಡೆಯನ ಕೈಯಲ್ಲಿಡುತ್ತಿದ್ದರು. ಅತಿಥಿಯ ಈ ನಡೆಯಿಂದ ಒಡೆಯನಿಗೆ ಎಷ್ಟು ಮುಜುಗರವಾಗಿರಬಹುದೆಂದು ನಾವು ಊಹಿಸಬಹುದು.

ಧರ್ಮಗ್ರಂಥವನ್ನು ಒಡೆಯರೂ ಓದುತ್ತಿದ್ದರು ಎಂಬುದನ್ನು ನಾವು ಮರೆಯಬಾರದು. ಕಪ್ಪು ಜನ ತಮ್ಮನನ್ನು ಕೊಂದ ಕಾಯಿನನ ಸಂತತಿ, ಆದ್ದರಿಂದ ಗುಲಾಮಗಿರಿ ಅವರಿಗೆ ದೇವರಿತ್ತ ಶಿಕ್ಷೆ ಎಂದು ಅದೇ ಪ್ರಯಾಣದಲ್ಲಿ ಒಬ್ಬ ವಾದಿಸಿದ. ಜಲಪ್ರಳಯದಲ್ಲಿ ನೋಹನ ಕುಟುಂಬ ಮಾತ್ರ ಉಳಿಯಿತು, ನೋಹನೋ ಕಾಯಿನನ ವಂಶದವನಲ್ಲ, ಹಾಗಾದರೆ ಕಾಯಿನನ ಸಂತತಿ ಎಲ್ಲಿಂದ ಬಂತು ಎಂಬುದು ವುಲ್ಮನ್ನರ ಉತ್ತರವಾಗಿತ್ತು. ಗ್ರಂಥ ಒಂದೇ. ಒಬ್ಬ ಅದರಲ್ಲಿ ತನ್ನ ಲಾಭಕ್ಕೆ ಸಮರ್ಥನೆ ಹುಡುಕಿದ, ಇನ್ನೊಬ್ಬರು ತಮ್ಮ ಬದುಕಿಗೆ ಅಳತೆಗೋಲು ಹುಡುಕಿದರು.

ಅವರ ಬದುಕಿನ ಅತ್ಯಂತ ಮುಖ್ಯ ಘಟನೆ ನಮ್ಮ ದೃಷ್ಟಿಯಲ್ಲಿ ಬೇರೆಯೇ ಇದೆ. ತಾರುಣ್ಯದಲ್ಲಿ ಒಬ್ಬರ ಉಯಿಲಿನ ಇಬ್ಬರು ನಿರ್ವಾಹಕರಲ್ಲಿ ಒಬ್ಬರಾಗಿ, ಒಬ್ಬ ಹುಡುಗನನ್ನು ಅವನ 30ನೇ ವಯಸ್ಸಿನವರೆಗೆ ದುಡಿಯುವಂತೆ ಅವರು ಮಾರಿದ್ದರು. ಬಿಳಿಯ ಹುಡುಗರ ದುಡಿಮೆಯ ಕರಾರು 21ಕ್ಕೆ ಮುಗಿಯುತ್ತಿತ್ತು. ಅಂದರೆ ಒಂಬತ್ತು ವರ್ಷಗಳು ಅನ್ಯಾಯದವು. ಹಲವು ವರ್ಷಗಳ ಬಳಿಕ, 1769ರಲ್ಲಿ, ಅದರಲ್ಲಿ ತಮ್ಮ ಪಾಲಾದ ನಾಲ್ಕೂವರೆ ವರ್ಷಗಳ ಬೆಲೆ ತೆರುವುದಾಗಿ ವುಲ್ಮನ್ ಮುಚ್ಚಳಿಕೆ ಬರೆದುಕೊಟ್ಟರು. ಪಶ್ಚಾತ್ತಾಪದ ಕಣ್ಣೀರು ಸುಲಭ. ಅದನ್ನು ವರ್ಷಗಳ ಲೆಕ್ಕದಲ್ಲಿ ಎಣಿಸಿ ಹಣವಾಗಿ ಹಿಂದಿರುಗಿಸುವುದು ಎಷ್ಟು ಜನರಿಗೆ ಸಾಧ್ಯ?

1758ರಲ್ಲಿ ಫಿಲಡೆಲ್ಫಿಯಾದ ಕ್ವೇಕರ್ ವಾರ್ಷಿಕ ಸಭೆ, ಗುಲಾಮರನ್ನಿಟ್ಟುಕೊಂಡ ಸದಸ್ಯರ ಮನೆಗಳಿಗೆ ಹೋಗಿ ಮನವೊಲಿಸಲು ತಂಡವೊಂದನ್ನು ನೇಮಿಸಿತು. ವುಲ್ಮನ್ ಅದರಲ್ಲಿದ್ದರು. 1772ರಲ್ಲಿ ಇಂಗ್ಲೆಂಡಿಗೆ ಹೋಗುವಾಗ ಹಡಗಿನ ಅಲಂಕೃತ ಕೋಣೆಯನ್ನು ಬಿಟ್ಟು ನಾವಿಕರ ನಡುವೆ ಮಲಗಿದರು. ಅಲ್ಲಿ ಕುದುರೆಗಳು ಓಡಿ ಓಡಿ ಸಾಯುತ್ತಿವೆ, ಅಂಚೆ ಒಯ್ಯುವ ಹುಡುಗರು ಚಳಿಗೆ ಹೆಪ್ಪುಗಟ್ಟುತ್ತಿದ್ದಾರೆ ಎಂದು ಕೇಳಿ, ಗಾಡಿ ಹತ್ತದೆ ನಡೆದೇ ಊರೂರು ಸುತ್ತಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಯಾರ್ಕ್ ನಗರದಲ್ಲಿ ಸಿಡುಬಿನಿಂದ ತೀರಿಕೊಂಡರು. ನಾಲ್ಕು ವರ್ಷಗಳ ನಂತರ, 1776ರಲ್ಲಿ, ಗುಲಾಮರನ್ನು ಬಿಡುಗಡೆ ಮಾಡದವರಿಗೆ ಸದಸ್ಯತ್ವವಿಲ್ಲವೆಂದು ಫಿಲಡೆಲ್ಫಿಯಾದ ಸಭೆ ತೀರ್ಮಾನಿಸಿತು. ಜರ್ಮನ್‌ಟೌನಿನ ಪತ್ರಕ್ಕೆ ಉತ್ತರ ಸಿಗಲು 88 ವರ್ಷಗಳು ಬೇಕಾದವು.

ಗುಲಾಮರು ಬೆಳೆದ ಸಕ್ಕರೆಯನ್ನೂ ವುಲ್ಮನ್ ತ್ಯಜಿಸಿದ್ದರು. 1791ರಲ್ಲಿ ಬ್ರಿಟನ್ನಿನ ಸಂಸತ್ತು ಗುಲಾಮ ವ್ಯಾಪಾರ ನಿಷೇಧದ ಪ್ರಸ್ತಾಪವನ್ನು ತಳ್ಳಿಹಾಕಿದಾಗ ಅಲ್ಲಿನ ಮನೆಮನೆಗಳಲ್ಲಿ ಇದೇ ಬಹಿಷ್ಕಾರ ಹಬ್ಬಿತು. ವಾರಕ್ಕೆ ಐದು ಪೌಂಡ್ ಸಕ್ಕರೆ ಬಳಸುವ ಕುಟುಂಬ 21 ತಿಂಗಳು ಅದನ್ನು ಬಿಟ್ಟರೆ ಒಬ್ಬ ಮನುಷ್ಯ ಗುಲಾಮನಾಗುವುದು ತಪ್ಪುತ್ತದೆ ಎಂದು ವಿಲಿಯಂ ಫಾಕ್ಸ್ ಎಂಬ ಪುಸ್ತಕ ವ್ಯಾಪಾರಿ ಲೆಕ್ಕ ಕೊಟ್ಟ. ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟರೆಂದು ಹೋರಾಟಗಾರ ಥಾಮಸ್ ಕ್ಲಾರ್ಕ್‌ಸನ್ ಅಂದಾಜಿಸಿದ್ದರು. 1807ರಲ್ಲಿ ಬ್ರಿಟನ್ ಗುಲಾಮ ವ್ಯಾಪಾರವನ್ನು ನಿಷೇಧಿಸಿತು. 1833ರಲ್ಲಿ ತನ್ನ ಹೆಚ್ಚಿನ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ರದ್ದುಪಡಿಸುವ ಕಾನೂನು ತಂದಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. 1833ರ ಕಾನೂನು 2 ಕೋಟಿ ಪೌಂಡ್ ಪರಿಹಾರವನ್ನು ಕೊಟ್ಟದ್ದು ಒಡೆಯರಿಗೆ, ದುಡಿದವರಿಗೆ ಒಂದು ಕಾಸನ್ನೂ ಕೊಡಲಿಲ್ಲ. ಕ್ವೇಕರರ ಪ್ರಾರ್ಥನಾಗೃಹಗಳಲ್ಲಿ ಕಪ್ಪು ಜನರಿಗೆ ಬೇರೆ ಬೆಂಚುಗಳಿದ್ದವು. ಕೆರಿಬಿಯನ್ ಸಕ್ಕರೆಯ ಬದಲಿಗೆ ಗುಲಾಮರ ದುಡಿಮೆಯಿಲ್ಲದ್ದೆಂದು ಕೊಂಡಾಡಲಾದ ಸಕ್ಕರೆ ಹೋದದ್ದು ನಮ್ಮ ಭಾರತದಿಂದ. ಆದರೆ ಆಗ ಕಂಪೆನಿ ಆಡಳಿತದ ಭಾರತದಲ್ಲಿಯೂ ಗುಲಾಮಗಿರಿಯಿತ್ತು. ಮಲಬಾರಿನಲ್ಲಿ ದಲಿತ ಕೃಷಿಕಾರ್ಮಿಕರನ್ನು ಮಾರಲಾಗುತ್ತಿತ್ತು. ಅದಕ್ಕೆ ಕಾನೂನಿನ ಮಾನ್ಯತೆಯನ್ನು ತೆಗೆದದ್ದು 1843ರಲ್ಲಿ.

ದೂರದ ಅನ್ಯಾಯವನ್ನು ನೋಡುವ ಕಣ್ಣಿಗೆ ಮನೆಯ ಅನ್ಯಾಯ ಕಾಣದಿರುವುದು ಹೊಸತೇನಲ್ಲ. ವುಲ್ಮನ್ ತಮ್ಮ ಕೈಯ ಲೇಖನಿ, ತಮ್ಮ ತಟ್ಟೆ, ತಮ್ಮ ಹಳೆಯ ಸಾಲಗಳಿಂದ ಆರಂಭಿಸಿದರು. ನಮ್ಮ ಮನೆಗೆಲಸದವರ ಕೂಲಿ, ನಾವು ಅಗ್ಗವಾಗಿ ಕೊಳ್ಳುವ ವಸ್ತುಗಳ ಹಿಂದಿನ ಕೈಗಳು ನಮ್ಮ ಪ್ರಾರ್ಥನೆಯ ವೇಳೆ ನಮಗೆ ನೆನಪಾಗುತ್ತವೆಯೇ?